ಚಿಟಿಕೆಗೊಬ್ಬ ಶತ್ರು ಬೇಕು

“ನೀನು ನನ್ನ ಶತ್ರು ಆಗ್ತೀಯಾ?”

ಬೆಂಚಿನಲ್ಲಿ ಪಕ್ಕ ಕೂರುವ ಗೆಳತಿಯನ್ನು ಚಿಟಿಕೆ ತುಂಬ ಮರ್ಯಾದೆಯಿಂದಲೇ ಕೇಳಿದಳು. ಗೆಳತಿಯ ಬಾಯಲ್ಲಿ ಬ್ರೆಡ್ ಇತ್ತು. ಅದನ್ನು ಅಗಿದು ನುಂಗುವ ತನಕ ಚಿಟಿಕೆ ಕಾದಳು.

“ಆದ್ರೆ ನನಗೇನು ಲಾಭ?”

“ನಾನು ನಿನಗೆ ಏನಾದ್ರೂ ಒಳ್ಳೇದು ಮಾಡ್ತೀನಿ.”

“ಹೌದಾ? ಹಾಗಾದ್ರೆ ಈಗಿಂದಾನೇ ಶತ್ರು! ಮೊದ್ಲು ನನ್ನ ಮ್ಯಾಪ್‌ಗೆ ಕಲರ್ ಹಾಕಿಕೊಡು,” ಎಂದು ಗೆಳತಿ ಖುಷಿಯಿಂದ ಚಿಟಿಕೆಯ ಕುತ್ತಿಗೆಗೆ ಜೋತುಬಿದ್ದಳು.

“ಥೂ, ಬಿಡೇ! ಶತ್ರುಗಳು ಹೀಗೆಲ್ಲ ತಬ್ಕೋತಾರಾ?”

ಇನ್ನೇನು ಸಿಕ್ಕಳು ಎನ್ನುವಷ್ಟರಲ್ಲಿ ಆ ಶತ್ರುವೂ ಕೈತಪ್ಪಿ ಹೋದಳು.

ಚಿಟಿಕೆ ಎನ್ನುವುದು ಮನೆಯವರು ಇಟ್ಟ ಅಡ್ಡಹೆಸರು. ನೋಡಲು ಅವಳು ಅಷ್ಟೇ ಅಷ್ಟು. ಆದರೆ ಮೆಣಸಿನ ಪುಡಿ ಚಿಟಿಕೆಯಷ್ಟಿದ್ದರೆ ಸಾಕಲ್ಲ, ಮನೆಮಂದಿಯೆಲ್ಲ ಸೀನುವುದಕ್ಕೆ!

ಈ ಶತ್ರುವಿನ ತಾಪತ್ರಯ ಶುರುವಾಗಿದ್ದು ಭಾನುವಾರ, ಚರ್ಚಿನ ಹಿಂದಿನ ಕೋಣೆಯಲ್ಲಿ. ಕಾಲು ಮುರಿದ ಕುರ್ಚಿಗಳನ್ನೆಲ್ಲ ಮೂಲೆಗೆ ತಳ್ಳಿ ಅಲ್ಲಿ ಸಂಡೇ ಸ್ಕೂಲ್ ನಡೆಸುತ್ತಿದ್ದರು. ಅಲ್ಲಿನ ಮಿಸ್ ವಾರವೆಲ್ಲ ಹಲ್ಲಿನ ಡಾಕ್ಟರ ಹತ್ತಿರ ಕೆಲಸ ಮಾಡುವವರು. ಹಾಗಾಗಿ ಮಕ್ಕಳು ನಕ್ಕಾಗ ಅವರ ಕಣ್ಣು ನೆಟ್ಟಗೆ ಹಲ್ಲಿನ ಮೇಲೇ ಹೋಗುತ್ತಿತ್ತು.

“ನಮ್ಮನ್ನ ಇಷ್ಟಪಡೋರನ್ನ ನಾವು ಇಷ್ಟಪಡೋದು ದೊಡ್ಡ ವಿಷಯ ಅಲ್ಲ,” ಎಂದಿದ್ದರು ಮಿಸ್. “ಶತ್ರುಗೂ ಒಳ್ಳೇದು ಮಾಡಿ ಅಂತಾನೆ ಯೇಸು. ಈ ವಾರ ನೀವೂ ಮಾಡಿ ನೋಡಿ. ಮುಂದಿನ ಭಾನುವಾರ ಬಂದು ಹೇಳ್ಬೇಕು. ಅಣ್ಣ, ತಮ್ಮ, ಅಕ್ಕ, ತಂಗಿ ಲೆಕ್ಕಕ್ಕಿಲ್ಲ!”

ಅಯ್ಯೋ ಎಂದು ಇಡೀ ಕೋಣೆಯೇ ನರಳಿತು. ಎಲ್ಲರೂ ನೆಚ್ಚಿಕೊಂಡಿದ್ದು ಅವರನ್ನೇ.

ಚಿಟಿಕೆಗಂತೂ ಅಣ್ಣನನ್ನು ಬಿಟ್ಟರೆ ಬೇರೆ ಶತ್ರುವೇ ಇರಲಿಲ್ಲ.

ಗೆಳತಿಯೂ ಕೈತಪ್ಪಿದ ಆ ದಿನ ಸ್ಕೂಲಿನಿಂದ ಸಪ್ಪೆ ಮುಖ ಹಾಕಿಕೊಂಡು ಬಂದಾಗ ಅಡುಗೆಮನೆಯಲ್ಲಿ ಅಜ್ಜಿ ಆಲೂಗಡ್ಡೆ ಸುಲಿಯುತ್ತ ಪ್ರಾರ್ಥನೆ ಮಾಡುತ್ತಿದ್ದಳು. ಅಜ್ಜಿಯ ಪ್ರಾರ್ಥನೆಯ ರೀತಿಯೇ ಅದು. ಒಂದೊಂದು ಆಲೂಗಡ್ಡೆಗೆ ಒಬ್ಬೊಬ್ಬರು. ಅದನ್ನು ಸುಲಿದು ಮುಗಿಯುವ ತನಕ ಅವರ ಬಗ್ಗೆಯೇ ದೇವರ ಹತ್ತಿರ ಮಾತಾಡುವುದು.

“ಈಗ ಯಾರದ್ದು ಅಜ್ಜಿ?”

“ಕೆಳಗಿನ ಮೊಳೆ ಮಾಮಂದು. ನೋಡು, ಎಷ್ಟು ಗಂಟು ಗಂಟು! ಚಾಕು ಎಲ್ಲಿ ಹಾಕಿದ್ರೂ ಜಾರುತ್ತೆ.”

ಚಿಟಿಕೆಯ ಕಿವಿ ನೆಟ್ಟಗಾಯಿತು.

ಅವರ ಮನೆಯ ಮೆಟ್ಟಿಲ ಕೆಳಗೆ ಒಂದು ಬೂಟು ರಿಪೇರಿ ಅಂಗಡಿ. ಅದರ ಮಾಲೀಕರೇ ಮೊಳೆ ಮಾಮ. ಸಣ್ಣ ಸಣ್ಣ ಮೊಳೆಗಳನ್ನು ತುಟಿಗಳ ನಡುವೆ ಕಚ್ಚಿಕೊಂಡು, ಒಂದೊಂದೇ ತೆಗೆದು ಬೂಟಿಗೆ ಹೊಡೆಯುತ್ತಿದ್ದರು. ಬಾಯಿ ತುಂಬ ಮೊಳೆ ಇಟ್ಟುಕೊಂಡವರು ಮಾತಾಡುವುದು ಹೇಗೆ? ಹೌದು ಎನ್ನಲು “ಹ್ಞೂಂ”, ಇಲ್ಲ ಎನ್ನಲು “ಉಹ್ಞೂಂ”. ಮೆಟ್ಟಿಲ ಮೇಲೆ ಮಕ್ಕಳು ಚೆಂಡು ಪುಟಿಸಿದರೆ ಹುಬ್ಬು ಗಂಟಿಕ್ಕಿ ಒಂದು ನೋಟ. ಅಷ್ಟೇ.

ಶತ್ರುವಾಗುವ ಲಕ್ಷಣವೆಲ್ಲ ಇತ್ತು, ಪೂರ್ತಿ ಆಗಿರಲಿಲ್ಲ. ಸ್ವಲ್ಪ ದೂಡಿದರೆ ಸಾಕು ಎಂದುಕೊಂಡಳು ಚಿಟಿಕೆ.

ರಾತ್ರಿ ಊಟದ ಹೊತ್ತಿಗೆ ಪ್ಲ್ಯಾನ್ ತಯಾರಾಯಿತು. ಅಂಗಡಿಯಿಂದ ಒಂದೇ ಒಂದು ಬೂಟು ಎತ್ತುವುದು. ಮಾಮ ಹುಡುಕಿ ಹುಡುಕಿ ಸುಸ್ತಾದಾಗ “ತೆಗೆದದ್ದು ನಾನೇ!” ಎನ್ನುವುದು. ಅವರು ಕೆಂಡವಾಗುತ್ತಾರೆ. ಆಗ ಬೂಟು ವಾಪಸ್ ಕೊಡುವುದು. ಒಂದೇ ಬೂಟಿನಲ್ಲಿ ಶತ್ರುವೂ ಆಯಿತು, ಒಳ್ಳೆಯದೂ ಆಯಿತು! ಇಂಥ ಬುದ್ಧಿ ತನಗೆ ಮಾತ್ರ ಹೊಳೆಯುವುದು ಎಂದು ಅವಳಿಗೆ ಬಹಳ ಹೆಮ್ಮೆಯಾಯಿತು.

ಮಾರನೆಯ ದಿನ ಒಂದರ ಬಾರು ಕಿತ್ತುಹೋದ ತನ್ನ ಸ್ಯಾಂಡಲ್ ಜೋಡಿ ಹಿಡಿದು ಅಂಗಡಿಗೆ ಹೋದಳು.

“ಮಾಮ, ಇದನ್ನ ಹೊಲಿದುಕೊಡ್ತೀರಾ?”

“ಹ್ಞೂಂ.”

ಮಾಮ ಅದನ್ನು ಗೋಡೆಯ ಮೊಳೆಗೆ ನೇತುಹಾಕಲು ಆ ಕಡೆ ತಿರುಗಿದರು. ಕೆಳಗಿನ ಹಲಗೆಯಲ್ಲಿ ಒಂದು ಜೊತೆ ಕಪ್ಪು ಬೂಟಿತ್ತು. ಕಣ್ಣು ಮಿಟುಕಿಸುವುದರೊಳಗೆ ಅದರಲ್ಲೊಂದು ಚಿಟಿಕೆಯ ಸ್ಕೂಲ್ ಬ್ಯಾಗಿನೊಳಗೆ ಹೋಯಿತು.

ಅಬ್ಬಾ, ಎಷ್ಟು ಭಾರ! ಅದರ ಅಟ್ಟೆ ಇಟ್ಟಿಗೆಯಷ್ಟು ದಪ್ಪ. ಯಾಕಿಷ್ಟು ದಪ್ಪ ಎಂದು ಯೋಚಿಸಲು ಅವಳಿಗೆ ಪುರಸೊತ್ತಿರಲಿಲ್ಲ. ಮೆಟ್ಟಿಲ ಪಕ್ಕದ ನೀರಿನ ಮೀಟರ್ ಹಿಂದೆ ಅದನ್ನು ತುರುಕಿ ಮನೆಗೆ ಓಡಿದಳು.

ಮರುದಿನ ಸಂಜೆ ತಮಾಷೆ ನೋಡಲು ಮೆಟ್ಟಿಲ ಮೇಲೆ ಜಾಗ ಹಿಡಿದು ಕುಳಿತಳು. ಆಗ ರಸ್ತೆಯಲ್ಲಿ ಲೈಬ್ರರಿ ಆಂಟಿ ಬರುವುದು ಕಾಣಿಸಿತು.

ಲೈಬ್ರರಿ ಆಂಟಿ ಎಂದರೆ ಚಿಟಿಕೆಯ ಸ್ಕೂಲಿನಲ್ಲಿ ಪುಸ್ತಕ ಕೊಡುವವರು. ಅವರ ನಡಿಗೆಯ ಸದ್ದು ಕಣ್ಣು ಮುಚ್ಚಿದರೂ ಗೊತ್ತಾಗುತ್ತಿತ್ತು. ತಟಕ್-ಟಕ್, ತಟಕ್-ಟಕ್. ಆ ಸದ್ದು ಕಾರಿಡಾರಿನಲ್ಲಿ ಕೇಳಿದರೆ ಸಾಕು, ಪುಸ್ತಕದ ಹಾಳೆ ಮಡಚಿದವರೆಲ್ಲ ಮಡಿಕೆ ಬಿಡಿಸುತ್ತಿದ್ದರು.

ಇವತ್ತು ಆ ಸದ್ದಿರಲಿಲ್ಲ. ಆಂಟಿ ಚಪ್ಪಲಿ ಹಾಕಿಕೊಂಡು, ಗೋಡೆ ಹಿಡಿದು, ಒಂದು ಕಡೆಗೆ ವಾಲಿಕೊಂಡು ಬರುತ್ತಿದ್ದರು. ಅವರ ಒಂದು ಕಾಲು ಇನ್ನೊಂದಕ್ಕಿಂತ ಗಿಡ್ಡ ಎಂದು ಚಿಟಿಕೆಗೆ ಆಗಲೇ ಗೊತ್ತಾಗಿದ್ದು. ದಪ್ಪ ಅಟ್ಟೆ ಯಾಕೆ ಎಂದೂ ಆಗಲೇ.

“ನನ್ನ ಬೂಟು ಆಯ್ತಾ?” ಎಂದರು ಆಂಟಿ.

“ಹ್ಞೂಂ.”

ಮಾಮ ಕೆಳಗಿನ ಹಲಗೆಗೆ ಕೈ ಚಾಚಿದರು. ಕೈ ಅಲ್ಲೇ ನಿಂತಿತು. ಮೇಲಿನ ಹಲಗೆ ನೋಡಿದರು. ಸ್ಟೂಲಿನ ಕೆಳಗೆ ನೋಡಿದರು. ಚರ್ಮದ ತುಂಡುಗಳ ರಾಶಿ ಕೆದಕಿದರು. ಕೊನೆಗೆ ಬಾಯಿಂದ ಮೊಳೆಗಳನ್ನು ಒಂದೊಂದಾಗಿ ತೆಗೆದು ಡಬ್ಬಿಗೆ ಹಾಕಿದರು. ಚಿಟಿಕೆ ಅವರ ಬರೀ ಬಾಯಿ ನೋಡಿದ್ದು ಅದೇ ಮೊದಲು.

“ಇಲ್ಲೇ ಇಟ್ಟಿದ್ದೆ. ಎರಡೂ ಇಲ್ಲೇ ಇಟ್ಟಿದ್ದೆ...”

“ಪರವಾಗಿಲ್ಲ ಬಿಡಿ, ನಾಳೆ ಬರ್ತೀನಿ,” ಎಂದರು ಆಂಟಿ.

“ನಾಳೆ ಬಂದ್ರೂ ಅಷ್ಟೇ ಅಮ್ಮ. ನನ್ನ ತಲೆ ನೆಟ್ಟಗಿಲ್ಲ.” ಮಾಮ ಸ್ಟೂಲಿನ ಮೇಲೆ ಕುಸಿದು ಕೂತರು. “ಮೊನ್ನೆ ಕನ್ನಡಕ ಹಣೆ ಮೇಲೆ ಇಟ್ಕೊಂಡು ಅಂಗಡಿಯೆಲ್ಲ ಹುಡುಕಿದೆ. ನಮ್ಮಪ್ಪಂಗೂ ಹೀಗೇ ಶುರುವಾಗಿದ್ದು. ಕೊನೆಗೆ ನನ್ನ ಮುಖಾನೇ ಮರೆತುಬಿಟ್ಟ. ಜನ ನಂಬಿ ಕೊಟ್ಟಿದ್ದನ್ನ ಹೀಗೆ ಕಳೆಯೋದಾದ್ರೆ ಅಂಗಡಿ ಮುಚ್ಚೋದೇ ವಾಸಿ.”

ನಗಲು ತಯಾರಾಗಿದ್ದ ಚಿಟಿಕೆ ಮೆಟ್ಟಿಲಿನಿಂದ ಎದ್ದು ನಿಂತಳು. ಮಾಮನ ಸಿಟ್ಟು ಅವಳ ಮೇಲೆ ಬರಬೇಕಿತ್ತು. ಅದು ದಾರಿ ತಪ್ಪಿ ಅವರ ಮೇಲೇ ಹೋಗಿಬಿಟ್ಟಿತ್ತು.

ಆಂಟಿ ಮತ್ತೆ ಗೋಡೆ ಹಿಡಿದುಕೊಂಡು ಹೊರಟರು. ಚಿಟಿಕೆ ಅಣ್ಣನ ಹತ್ತಿರ ಓಡಿದಳು.

“ನಿನ್ನಂಥ ಪೆದ್ದಿ ಇನ್ನೊಬ್ಬಳಿಲ್ಲ,” ಎಂದ ಅಣ್ಣ, ಎಲ್ಲ ಕೇಳಿಸಿಕೊಂಡು. “ಅಳ್ಬೇಡ. ಅವರು ಆ ಕಡೆ ತಿರುಗಿದಾಗ ಸುಮ್ನೆ ಹಲಗೆ ಮೇಲಿಟ್ಟು ಓಡಿ ಬಾ. ಯಾರಿಗೂ ಗೊತ್ತಾಗಲ್ಲ. ಪೀಡೆ ಕಳೀತು.”

ಒಳ್ಳೆಯ ಉಪಾಯವೇ. ಮೀಟರ್ ಹಿಂದಿನಿಂದ ಬೂಟು ತೆಗೆದು, ಜೇಡರ ಬಲೆ ಒರೆಸಿ, ಅವಳು ಬೆಕ್ಕಿನ ಹೆಜ್ಜೆಯಲ್ಲಿ ಅಂಗಡಿಯ ಬಾಗಿಲಿಗೆ ಬಂದಳು. ಮಾಮ ಬೆನ್ನು ಹಾಕಿ ಮೂಲೆಯಲ್ಲಿ ಇನ್ನೂ ಹುಡುಕುತ್ತಿದ್ದರು. ಹಲಗೆ ಕೈಗೆಟುಕುವಷ್ಟು ಹತ್ತಿರದಲ್ಲೇ ಇತ್ತು.

ಇಟ್ಟರೆ ಏನಾಗುತ್ತದೆ? ಮಾಮ ತಿರುಗಿ ನೋಡುತ್ತಾರೆ. ಇಲ್ಲೇ ಇತ್ತು, ಇಲ್ಲೇ ಹುಡುಕಿದೆ, ನನಗೇ ಕಾಣಿಸಲಿಲ್ಲ ಎಂದುಕೊಳ್ಳುತ್ತಾರೆ. ತಲೆಯ ಜೊತೆ ಕಣ್ಣೂ ಹೋಯಿತು ಎನ್ನುತ್ತಾರೆ. ನಾಳೆ ಅಂಗಡಿ ಮುಚ್ಚಿಯೇ ಬಿಟ್ಟರೆ?

“ಮಾಮ,” ಎಂದಳು. ದನಿ ಇಲಿಮರಿಯ ದನಿಯಂತಿತ್ತು. “ಬೂಟು ನನ್ನ ಹತ್ರ ಇತ್ತು. ನಾನೇ ತೆಗೆದಿದ್ದು.”

ಮಾಮ ತಿರುಗಿದರು. ಬೂಟು ನೋಡಿದರು. ಕೈಗೆ ತೆಗೆದುಕೊಂಡು ಅದರ ಅಟ್ಟೆ ಸವರಿದರು.

“ಅಂದ್ರೆ... ನಾನು ಮರೆತಿರ್ಲಿಲ್ಲ,” ಎಂದರು ಕೊನೆಗೆ, ತಮಗೇ ಹೇಳಿಕೊಳ್ಳುವಂತೆ.

“ಇಲ್ಲ ಮಾಮ. ನೀವು ಎರಡೂ ಅಲ್ಲೇ ಇಟ್ಟಿದ್ರಿ.”

“ಯಾಕೆ ತೆಗೆದೆ?”

“ನನಗೊಬ್ಬ ಶತ್ರು ಬೇಕಿತ್ತು.”

“ಏನು ಬೇಕಿತ್ತು?”

“ಶತ್ರು. ಒಳ್ಳೇದು ಮಾಡೋಕೆ. ಶತ್ರುಗೂ ಒಳ್ಳೇದು ಮಾಡ್ಬೇಕು ಅಂತ ಸಂಡೇ ಸ್ಕೂಲಲ್ಲಿ ಹೇಳಿದ್ರು. ನನಗೆ ಯಾರೂ ಇರ್ಲಿಲ್ಲ. ಅದಕ್ಕೆ ನಿಮ್ಮನ್ನ...”

“ಶತ್ರುಗೆ ಒಳ್ಳೇದು ಮಾಡೋದಾ? ಯಾರು ಹೇಳಿದ್ದು ಹಾಗಂತ?”

“ಯೇಸು.”

“ಹೀಗೆ ಬೂಟು ಕದ್ದು ಶತ್ರು ಮಾಡ್ಕೊಳ್ಳಿ ಅಂತಾನೂ ಅವನೇ ಹೇಳಿದ್ನಾ?”

“ಇಲ್ಲ ಮಾಮ. ಅದು ನನ್ನ ಐಡಿಯಾ.”

ಮಾಮನ ಮೀಸೆ ಒಮ್ಮೆ ಅದುರಿತು. ಮರುಕ್ಷಣವೇ ಅವರ ಕಿವಿ ಕೆಂಪಾಯಿತು. “ಆ ಹೆಂಗಸು ಗೋಡೆ ಹಿಡ್ಕೊಂಡು ಹೋಗಿದ್ದು ನೋಡಿದ್ಯಾ? ನೋಡಿಯೂ ಸುಮ್ನೆ ಕೂತಿದ್ಯಾ? ಹೋಗು. ನನ್ನ ಕಣ್ಣೆದುರಿಗೆ ನಿಲ್ಲಬೇಡ!”

ಬೂಟಿನ ಜೊತೆಯನ್ನು ಕಂಕುಳಲ್ಲಿ ಇಟ್ಟುಕೊಂಡು, ಅಂಗಡಿಯ ಬಾಗಿಲು ಎಳೆದು, ಆಂಟಿ ಹೋದ ದಾರಿಯಲ್ಲೇ ಅವರು ದಾಪುಗಾಲು ಹಾಕಿದರು.

ಅಷ್ಟೊಂದು ಹುಡುಕಿದ ಶತ್ರು ಕೊನೆಗೂ ಸಿಕ್ಕಿದ್ದರು. ಚಿಟಿಕೆ ಮೆಟ್ಟಿಲ ಮೇಲೆ ಕೂತು ಜೋರಾಗಿ ಅತ್ತಳು.

ಆಮೇಲಿನ ದಿನಗಳಲ್ಲಿ ಮೆಟ್ಟಿಲಿಳಿಯುವುದೇ ದೊಡ್ಡ ಕೆಲಸವಾಯಿತು. ಒಮ್ಮೆ ಧೈರ್ಯ ಮಾಡಿ ಬಾಗಿಲಲ್ಲಿ ನಿಂತು, “ಮಾಮ, ಕಸ ಗುಡಿಸ್ಲಾ?” ಎಂದು ಕೇಳಿದಳು.

“ಉಹ್ಞೂಂ,” ಎಂದರು ಮಾಮ, ತಲೆ ಎತ್ತದೆ.

ಗೋಡೆಯಲ್ಲಿ ನೇತಾಡುತ್ತಿದ್ದ ಸ್ಯಾಂಡಲ್ ಕೇಳಲು ಅವಳಿಗೆ ಬಾಯಿ ಬರಲಿಲ್ಲ. ನಿಜವಾದ ಶತ್ರುವಿಗೆ ಒಳ್ಳೆಯದು ಮಾಡುವುದು ಇಷ್ಟು ಕಷ್ಟ ಎಂದು ಮಿಸ್ ಹೇಳಿರಲೇ ಇಲ್ಲವಲ್ಲ!

ಭಾನುವಾರ ಬೆಳಿಗ್ಗೆ ನೋಡಿದರೆ ಸ್ಕೂಲ್ ಶೂ ತೊಳೆದು ಒಣಹಾಕಿದ್ದರು. ತೊಟ್ಟಿಕ್ಕುತ್ತಿತ್ತು. ಬರಿಗಾಲಲ್ಲೇ ಚರ್ಚಿಗೆ ಹೋಗುವುದೆಂದು ಚಿಟಿಕೆ ಬಾಗಿಲು ತೆರೆದಳು.

ಹೊರಗೆ ಕಾಲೊರಸಿನ ಮೇಲೆ ಅವಳ ಸ್ಯಾಂಡಲ್ ಜೋಡಿ ಇತ್ತು. ಅಕ್ಕಪಕ್ಕ, ನೇರವಾಗಿ.

ಕಿತ್ತುಹೋದ ಬಾರನ್ನು ಹೊಲಿದಿದ್ದರು. ಕಿತ್ತು ಹೋಗದ ಇನ್ನೊಂದನ್ನೂ, ಇನ್ನೇನು ಕಿತ್ತುಹೋಗಬಹುದು ಎಂದು, ಹೊಲಿದಿದ್ದರು. ಕಾಲಿಗೆ ಹಾಕಿದಳು. ಯಾವಾಗಲೂ ಹಿಮ್ಮಡಿಗೆ ಚುಚ್ಚುತ್ತಿದ್ದ ಬಕಲ್ ಚುಚ್ಚಲಿಲ್ಲ. ಬಗ್ಗಿ ನೋಡಿದರೆ, ಅದನ್ನು ಬಡಿದು ಸಪಾಟು ಮಾಡಿದ್ದರು. ಅದು ಚುಚ್ಚುತ್ತದೆ ಎಂದು ಅವಳು ಯಾರಿಗೂ ಹೇಳಿರಲಿಲ್ಲ.

“ಅಜ್ಜಿ, ಇದನ್ನ ಯಾರು ತಂದಿಟ್ಟಿದ್ದು?”

“ಅವನೇ ಮೇಲೆ ಬಂದಿದ್ದ,” ಎಂದಳು ಆಲೂಗಡ್ಡೆ ಸುಲಿಯುತ್ತಿದ್ದ ಅಜ್ಜಿ. “ಏನೂ ಮಾತಾಡ್ಲಿಲ್ಲ. ಬಾಯಲ್ಲಿ ಮೊಳೆ.”

“ಈಗ ಸುಲೀತಿರೋದು ಅವರದ್ದಾ?”

“ಅವನದ್ದು ಮುಗೀತು. ಇದು ನಿಂದು.” ಅಜ್ಜಿ ಚಾಕು ನಿಲ್ಲಿಸಿ ಆಲೂಗಡ್ಡೆಯನ್ನು ತಿರುಗಿಸಿ ತಿರುಗಿಸಿ ನೋಡಿದಳು. “ಇದಕ್ಕೂ ಗಂಟೇನು ಕಡಿಮೆ ಇಲ್ಲ.”

ಸಂಡೇ ಸ್ಕೂಲಿನಲ್ಲಿ ಕೈಗಳು ಪಟಪಟನೆ ಮೇಲೆದ್ದವು. ಒಬ್ಬ ತನ್ನ ಶತ್ರುವಿಗೆ ಪೆನ್ಸಿಲ್ ಕೊಟ್ಟಿದ್ದ. ಇನ್ನೊಬ್ಬ ತನ್ನ ಶತ್ರುವಿಗೆ ಗೋಲು ಹೊಡೆಯಲು ಬಿಟ್ಟಿದ್ದ. ಎಲ್ಲದಕ್ಕೂ ಮೊದಲು ಏಳುವ ಚಿಟಿಕೆಯ ಕೈ ಮಾತ್ರ ಮಡಿಲಲ್ಲೇ ಇತ್ತು.

“ನೀನು ಏನು ಮಾಡ್ದೆ ಚಿಟಿಕೆ?” ಎಂದರು ಮಿಸ್.

“ಏನೂ ಮಾಡಿಲ್ಲ ಮಿಸ್.”

“ಯಾಕೆ, ಶತ್ರು ಸಿಗ್ಲಿಲ್ವಾ?”

ಚಿಟಿಕೆ ಬೆಂಚಿನ ಕೆಳಗೆ ಕಾಲು ಅಲ್ಲಾಡಿಸಿದಳು. ಬಕಲ್ ಚುಚ್ಚಲಿಲ್ಲ.

“ಸಿಕ್ಕಿದ್ರು ಮಿಸ್. ಆದ್ರೆ ನನಗಿಂತ ಮೊದ್ಲು ಅವರೇ ಮಾಡಿಬಿಟ್ರು.”

ಎಲ್ಲರೂ ಗೊಳ್ಳೆಂದು ನಕ್ಕರು. ಅಷ್ಟೊಂದು ಬಾಯಿಗಳು ತೆರೆದಿದ್ದರೂ ಮಿಸ್ ಯಾರ ಹಲ್ಲನ್ನೂ ನೋಡಲಿಲ್ಲ. ಚಿಟಿಕೆಯನ್ನೇ ನೋಡುತ್ತಿದ್ದರು.

ವಾಪಸ್ ಬರುವಾಗ ಅಂಗಡಿ ತೆರೆದಿತ್ತು. ಮಾಮ ಬಾಯಲ್ಲಿ ಮೊಳೆ ಕಚ್ಚಿಕೊಂಡು ಯಾರದೋ ಬೂಟು ಬಡಿಯುತ್ತಿದ್ದರು. ಚಿಟಿಕೆ ಹೊಸ್ತಿಲ ಮೇಲೆ ಕುಳಿತಳು. ಅವರು ಹೋಗು ಎನ್ನಲಿಲ್ಲ. ಸುತ್ತಿಗೆ ಮಾತ್ರ ಮಾತಾಡುತ್ತಿತ್ತು.

“ಈಗ ಚುಚ್ತಾ ಇಲ್ಲ ಮಾಮ,” ಎಂದಳು ತುಂಬ ಹೊತ್ತಾದ ಮೇಲೆ.

“ಹ್ಞೂಂ.”

ಬಾಯಲ್ಲಿದ್ದ ಮೊಳೆಗಳು ಮುಗಿದವು. ಮಾಮ ಡಬ್ಬಿಗೆ ಕೈ ಹಾಕಲು ಹೊರಟವರು ತಡೆದು, ಅದನ್ನು ಕಾಲಿನಿಂದ ಮೆಲ್ಲಗೆ ಅವಳ ಕಡೆ ತಳ್ಳಿದರು. ಚಿಟಿಕೆ ಒಂದು ಮೊಳೆ ತೆಗೆದುಕೊಟ್ಟಳು. ಅದು ಬಡಿದಾದ ಮೇಲೆ ಇನ್ನೊಂದು.

ರಸ್ತೆಯ ಆ ತುದಿಯಿಂದ ಒಂದು ಸದ್ದು ಬಂತು. ತಟಕ್-ಟಕ್. ತಟಕ್-ಟಕ್.

ಮಾಮನ ಸುತ್ತಿಗೆ ನಿಂತಿತು. ಮೊಳೆ ಹಿಡಿದ ಚಿಟಿಕೆಯ ಕೈಯೂ ನಿಂತಿತು. ಆ ಸದ್ದು ಹತ್ತಿರ ಬಂದು, ಅಂಗಡಿಯನ್ನು ದಾಟಿ, ತಿರುವಿನಲ್ಲಿ ಮರೆಯಾಗುವ ತನಕ ಇಬ್ಬರೂ ಸುಮ್ಮನೆ ಕೇಳಿಸಿಕೊಂಡರು.