ಮೊಳಕೆಯೊಡೆದ ಪುಟ್ಟ ದಿಂಬು

"ಅಮ್ಮಾ, ಇದರಲ್ಲಿ ಗಿಡ ಬಂದಿದೆ."

ಹಿತ್ತಲಿನ ಬಟ್ಟೆ ಹಗ್ಗದ ಹತ್ತಿರ ಸ್ಟೂಲಿನ ಮೇಲೆ ನಿಂತು ಹುಡುಗಿ ಕೂಗಿದಳು. ದೊಡ್ಡ ಟವೆಲ್ಲಿನ ಮರೆಯಲ್ಲಿ ಒಂದು ಪುಟ್ಟ ದಿಂಬು ಕ್ಲಿಪ್ಪಿಗೆ ನೇತಾಡುತ್ತಿತ್ತು. ಅಂಗೈಯಗಲ ಇತ್ತು. ಒಂದು ಬದಿ ಚಪ್ಪಟೆ, ಇನ್ನೊಂದು ಬದಿ ಉಬ್ಬು. ಹೊಲಿಗೆಯ ಸಂದಿಯಿಂದ ಬಿಳಿ ಕಾಲು, ಹಸಿರು ತಲೆಯ ಮೊಳಕೆಗಳು ಇಣುಕುತ್ತಿದ್ದವು.

ಮನೆಯಲ್ಲಿ ಎಲ್ಲರೂ ಅವಳನ್ನು ಪತ್ತೇದಾರಿ ಎಂದೇ ಕರೆಯುತ್ತಿದ್ದರು. ಆ ಹೆಸರಿಟ್ಟದ್ದು ಅಪ್ಪ. ಮುಚ್ಚಿಟ್ಟ ಡಬ್ಬ, ದೊಡ್ಡವರ ಪಿಸುಮಾತು, ಏನೇ ಇರಲಿ, ಅಲ್ಲಿಗೆ ಮೊದಲು ಅವಳ ಮೂಗು ಹೋಗುತ್ತಿತ್ತು, ಆಮೇಲೆ ಅವಳು.

ಈ ದಿಂಬಿನ ಮೇಲೂ ಅವಳ ಕಣ್ಣು ಬಿದ್ದು ಹಲವು ದಿನ ಆಗಿತ್ತು. ರಸ್ತೆ ಕೊನೆಯಲ್ಲಿ ಟೈಲರಿಂಗ್ ಅಂಗಡಿ ಇಟ್ಟಿರುವ ಚಿಕ್ಕಮ್ಮ ಅದನ್ನು ಪೇಪರಿನಲ್ಲಿ ಸುತ್ತಿ ತಂದಿದ್ದಳು. ಏನದು ಎಂದು ಕೇಳಿದ್ದಕ್ಕೆ "ಸೂಜಿ ಚುಚ್ಚಿಡೋ ದಿಂಬು" ಎಂದಿದ್ದಳು. ಅದರಲ್ಲಿ ಒಂದು ಸೂಜಿಯೂ ಇರಲಿಲ್ಲ. ಸೂಜಿದಿಂಬು ತಗೊಂಡು ಅಮ್ಮ ರೂಮಿನ ಬಾಗಿಲು ಹಾಕಿಕೊಳ್ಳುವುದು ಯಾಕೆ? ಹುಡುಗಿಯ ತಲೆಯಲ್ಲಿ ಹುಳ ಬಿಟ್ಟ ಹಾಗಾಗಿತ್ತು.

ಅಮ್ಮ ಸಿಟಿ ಬಸ್ಸಿನ ಕಂಡಕ್ಟರ್. ಹುಡುಗಿ ಸ್ಕೂಲಿಗೆ ಹೋಗುತ್ತಿದ್ದುದೂ ಅದೇ ಬಸ್ಸಿನಲ್ಲಿ. ಆದರೆ ಕೆಲವು ತಿಂಗಳಿಂದ ಅಮ್ಮ ಬಸ್ಸು ಹತ್ತಿರಲಿಲ್ಲ. ಅವಳಿಗೆ ಕ್ಯಾನ್ಸರ್ ಆಗಿತ್ತು, ದೂರದ ಸರಕಾರಿ ಆಸ್ಪತ್ರೆಯಲ್ಲಿ ಆಪರೇಷನ್ ಆಯಿತು, ಡ್ರಿಪ್ಪಿನಲ್ಲಿ ಔಷಧಿ ಕೊಟ್ಟರು, ಕೂದಲೆಲ್ಲ ಉದುರಿ ಈಗ ಮತ್ತೆ ಗಿಡ್ಡಗೆ ಬೆಳೆಯುತ್ತಿದೆ. ಇಷ್ಟು ಹುಡುಗಿಗೆ ಗೊತ್ತಿತ್ತು. ಆಪರೇಷನ್ ಆಗಿದ್ದು ಮೈಯ ಯಾವ ಭಾಗಕ್ಕೆ ಎಂದು ಕೇಳಿದರೆ ಮಾತ್ರ "ಹೋಗು, ಹೋಂವರ್ಕ್ ಮಾಡು" ಎಂಬ ಉತ್ತರ ಬರುತ್ತಿತ್ತು.

ಸೋಮವಾರದಿಂದ ಕೆಲಸಕ್ಕೆ ಹೋಗಬಹುದು ಎಂದು ಡಾಕ್ಟರು ಹೇಳಿದ್ದರು. ಆದರೂ ಅಮ್ಮನ ಯೂನಿಫಾರ್ಮ್ ಮೊಳೆಯಲ್ಲೇ ನೇತಾಡುತ್ತಿತ್ತು. "ಡಿಪೋದಲ್ಲಿ ಕಸ ಗುಡಿಸೋ ಕೆಲಸ ಕೊಟ್ರೂ ಸಾಕು. ನಂಗೆ ಬಸ್ಸು ಬೇಡ, ಜನ ದಿಟ್ಟಿಸಿ ನೋಡ್ತಾರೆ" ಎಂದು ಅಮ್ಮ ಅಪ್ಪನಿಗೆ ಹೇಳಿದ್ದು ಪತ್ತೇದಾರಿಯ ಕಿವಿಗೂ ಬಿದ್ದಿತ್ತು. ಆ ದಿನ ಅವಳಿಗೆ ಊಟ ಸೇರಿರಲಿಲ್ಲ. ತುಂಬಿದ ಬಸ್ಸಿನಲ್ಲಿ "ಮುಂದೆ ಹೋಗಿ, ಮುಂದೆ ಹೋಗಿ" ಎಂದು ಗದರುವ ಅಮ್ಮನೇ ಅವಳಿಗೆ ಇಷ್ಟ.

ಈಗ ಅಮ್ಮ ಓಡಿ ಬಂದಳು. ದಿಂಬನ್ನು ನೋಡಿ ಅವಳ ಮುಖ ಕೆಂಪಾಯಿತು. ಅವಳ ಹಿಂದೆಯೇ ಚಿಕ್ಕಮ್ಮನೂ ಬಂದಳು.

"ಅಕ್ಕಾ, ಇದನ್ನ ತೊಳೆದ್ಯಾ ನೀನು?"

"ಬೆವರು ವಾಸನೆ ಬರ್ತಿತ್ತು ಕಣೇ. ರಾತ್ರಿಯೆಲ್ಲ ನೆನೆ ಹಾಕಿ ತೊಳೆದೆ. ಮೋಡಕ್ಕೆ ಮೂರು ದಿನವಾದ್ರೂ ಒಣಗ್ಲಿಲ್ಲ."

"ಒಳಗಿರೋದು ಸಾಸಿವೆ. ಅದನ್ಯಾಕೆ ನೆನೆ ಹಾಕ್ದೆ?"

"ತೊಳೀಬೇಡ ಅಂತ ನೀನೆಲ್ಲಿ ಹೇಳಿದ್ದೆ?"

ಹುಡುಗಿ ಸ್ಟೂಲಿನಿಂದ ಇಳಿಯದೆಯೇ ಪಾಠ ಶುರು ಮಾಡಿದಳು. "ನೀರು, ಗಾಳಿ, ಬೆಚ್ಚಗಿನ ಜಾಗ, ಮೂರೂ ಸಿಕ್ಕಿದ್ರೆ ಬೀಜ ಮೊಳಕೆ ಒಡೆಯುತ್ತೆ ಅಂತ ಸೈನ್ಸ್ ಮಿಸ್ ಹೇಳಿದ್ದಾರೆ. ಇದಕ್ಕೆ ಮೂರೂ ಸಿಕ್ಕಿದೆ. ಇನ್ನೊಂದು ವಾರ ಬಿಟ್ಟಿದ್ರೆ ಹೂ ಬಿಡ್ತಿತ್ತು."

ಅಮ್ಮ ತುಟಿ ಕಚ್ಚಿಕೊಂಡಳು. ತಡೆಯಲಾಗಲಿಲ್ಲ. ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕುಸಿದು ಕೂತು, ಹೊಟ್ಟೆ ಹಿಡಿದುಕೊಂಡು ನಕ್ಕಳು. ಚಿಕ್ಕಮ್ಮನೂ ನಕ್ಕಳು. ಅಮ್ಮ ಹೀಗೆ ನಕ್ಕು ಎಷ್ಟು ಕಾಲವಾಗಿತ್ತು ಎಂದು ಹುಡುಗಿಗೆ ನೆನಪೇ ಇರಲಿಲ್ಲ.

"ಈಗಾದ್ರೂ ಹೇಳಮ್ಮ. ಏನಿದು?"

ಅಮ್ಮ ಕಣ್ಣೊರೆಸಿಕೊಂಡು ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡಳು.

"ಗಡ್ಡೆ ಇದ್ದಿದ್ದು ಈ ಕಡೆ ಎದೆಯಲ್ಲಿ. ಬೇರೆ ಕಡೆ ಹರಡಬಾರದು ಅಂತ ಡಾಕ್ಟರು ಈ ಕಡೆಯದನ್ನ ಪೂರ್ತಿ ತೆಗೆದರು. ಈಗ ಅಲ್ಲಿ ಬರೀ ಗಾಯದ ಗೆರೆ ಇದೆ. ಆ ಜಾಗಕ್ಕೆ ಇಟ್ಟುಕೊಳ್ಳೋಕೆ ಅಂತ ಚಿಕ್ಕಮ್ಮ ಇದನ್ನ ಹೊಲಿದಳು."

"ನೋಯುತ್ತಾ?"

"ಆಗಾಗ ಚುರ್ ಅನ್ನುತ್ತೆ."

"ನಂಗೂ ಅಂಟಿಕೊಳ್ಳುತ್ತಾ?"

"ಇಲ್ಲ ಕಂದಾ. ತಬ್ಬಿಕೊಂಡ್ರೆ, ಒಂದೇ ತಟ್ಟೇಲಿ ಉಂಡ್ರೆ ಬರೋ ಕಾಯಿಲೆ ಅಲ್ಲ ಅದು."

"ಮತ್ತೆ ನಂಗ್ಯಾಕೆ ಹೇಳ್ಲಿಲ್ಲ?"

ಅಮ್ಮ "ಹೇಗೆ ಹೇಳ್ಬೇಕು ಅಂತ ಗೊತ್ತಾಗ್ಲಿಲ್ಲ" ಎಂದಳು. ಹುಡುಗಿಗೆ ಸಿಟ್ಟೂ ಬಂತು, ಅಳುವೂ ಬಂತು. ಎರಡರಲ್ಲಿ ಯಾವುದು ಎಂದು ತಿಳಿಯದೆ ಅಮ್ಮನ ತೋಳಿಗೆ ಮುಖ ಒತ್ತಿದಳು.

ಆಮೇಲೆ ಚಿಕ್ಕಮ್ಮ ಉಳಿದದ್ದನ್ನು ಹೇಳಿದಳು. ಎರಡೂ ಕಡೆ ತೂಕ ಸಮ ಇಲ್ಲದಿದ್ದರೆ ಮೈ ಒಂದು ಕಡೆಗೆ ವಾಲುತ್ತದೆ, ಬೆನ್ನು ನೋಯುತ್ತದೆ. ಅಂಗಡಿಯಲ್ಲಿ ಸಿಲಿಕಾನಿನದು ಸಿಗುತ್ತದೆ, ಆದರೆ ಅದರ ಬೆಲೆ ಕೇಳಿದರೇ ತಲೆ ತಿರುಗುತ್ತದೆ. ಆಸ್ಪತ್ರೆಯ ನರ್ಸ್ ಒಬ್ಬರು ಬಟ್ಟೆಯಲ್ಲೇ ಹೊಲಿಯಬಹುದು ಎಂದು ತೋರಿಸಿಕೊಟ್ಟಿದ್ದರು. ಒಳಗೆ ಏನು ತುಂಬಬೇಕು ಎನ್ನುವುದನ್ನು ಮಾತ್ರ ಚಿಕ್ಕಮ್ಮ ತನ್ನ ಬುದ್ಧಿಗೆ ತೋಚಿದಂತೆ ಮಾಡಿದ್ದಳು.

ಸೋಮವಾರ ಹತ್ತಿರದಲ್ಲೇ ಇತ್ತು. ಮಾರನೆಯ ದಿನ ಸ್ಕೂಲು ಬಿಟ್ಟದ್ದೇ ತಡ, ಹುಡುಗಿ ಚಿಕ್ಕಮ್ಮನ ಅಂಗಡಿಗೆ ಓಡಿದಳು. ಅಮ್ಮ ಪರದೆಯ ಹಿಂದೆ ನಿಂತಿದ್ದಳು. ಹೊಸ ದಿಂಬಿಗೆ ಮೊದಲು ಬರೀ ಹತ್ತಿ ತುಂಬಿ ನೋಡಿದರು. ಅಮ್ಮ ಕೈ ಎತ್ತಿದಾಗ ತೀರಾ ಹಗುರವಿದ್ದ ಅದೂ ಕೈಯ ಜೊತೆ ಮೇಲೇರಿ ಕುತ್ತಿಗೆಯ ಹತ್ತಿರ ಕೂತಿತು.

"ಬಸ್ಸಲ್ಲಿ ಕಂಬಿ ಹಿಡ್ಕೋಬೇಕಲ್ಲೇ ನಾನು" ಎಂದಳು ಅಮ್ಮ. ಬಸ್ಸಿನ ಮಾತು ಅವಳ ಬಾಯಿಂದಲೇ ಬಂದದ್ದು ಕೇಳಿ ಹುಡುಗಿಯ ಕಿವಿ ನಿಮಿರಿತು.

ಮರಳು ತುಂಬಿದರು. ಅದು ಬಟ್ಟೆಯ ಕಣ್ಣುಗಳಿಂದ ಸೋರಿತು. ಅಕ್ಕಿ ಬೇಡ, ಅದೂ ನೀರು ಕುಡಿದು ಉಬ್ಬುತ್ತದೆ ಎಂದು ಹುಡುಗಿ ಮೊದಲೇ ತಡೆದಳು. ಆಮೇಲೆ ಅಂಗಡಿಯ ಮೂಲೆಗಳಲ್ಲೆಲ್ಲ ಮೂಗು ತೂರಿಸಿ, ಕಸೂತಿಗೆ ತಂದು ಉಳಿದಿದ್ದ ಗಾಜಿನ ಸಣ್ಣ ಮಣಿಗಳ ಡಬ್ಬ ಹುಡುಕಿ ತಂದಳು. ಒಂದಷ್ಟನ್ನು ನೀರಿನ ಲೋಟಕ್ಕೆ ಹಾಕಿ ಕಾವಲು ಕೂತಳು.

"ಮಣಿ ಮೊಳಕೆ ಒಡೆದ್ರೆ ಒಳ್ಳೇದೇ ಆಯ್ತು, ಸರದ ಬಳ್ಳಿ ಬೆಳೆಸೋಣ" ಎಂದು ಚಿಕ್ಕಮ್ಮ ಕಿಚಾಯಿಸಿದಳು. ಮಣಿ ಮೊಳಕೆಯೂ ಒಡೆಯಲಿಲ್ಲ, ಉಬ್ಬಲೂ ಇಲ್ಲ. ಕೆಳಗೆ ಮಣಿ, ಮೇಲೆ ಮೆತ್ತಗೆ ಹತ್ತಿ ಎಂದು ತೀರ್ಮಾನವಾಯಿತು.

ಆದರೆ ಮಣಿ ಎಷ್ಟು ಹಾಕಬೇಕು? ಹುಡುಗಿ ಯೋಚಿಸಿ, ಕೆಲಸ ಮುಗಿಸಿ ಬರುತ್ತಿದ್ದ ಅಪ್ಪನನ್ನು ರಸ್ತೆಯಲ್ಲೇ ಹಿಡಿದಳು. ಅಪ್ಪ ಮನೆ ಕಟ್ಟುವ ಮೇಸ್ತ್ರಿ. ಗೋಡೆಯ ಮಟ್ಟ ನೋಡುವ ರಸಮಟ್ಟ ಅವನ ಚೀಲದಲ್ಲಿ ಸದಾ ಇರುತ್ತಿತ್ತು. ಅದರ ಗಾಜಿನ ಕೊಳವೆಯೊಳಗಿನ ಗುಳ್ಳೆ ನಡುವೆ ನಿಂತರೆ ಮಟ್ಟ ಸರಿ, ಪಕ್ಕಕ್ಕೆ ಓಡಿದರೆ ತಪ್ಪು.

ಪರದೆಯ ಹಿಂದೆ ಹುಡುಗಿ ಸ್ಟೂಲು ಹತ್ತಿ, ರಸಮಟ್ಟವನ್ನು ಅಮ್ಮನ ಎರಡೂ ಭುಜಗಳಿಗೆ ಅಡ್ಡಲಾಗಿ ಹಿಂದಿನಿಂದ ಹಿಡಿದಳು. ಗುಳ್ಳೆ ಒಂದು ಕಡೆಗೆ ಓಡಿತು. "ಇನ್ನೊಂದು ಚಮಚ." ಚಿಕ್ಕಮ್ಮ ಮಣಿ ಸುರಿದಳು. "ಜಾಸ್ತಿ ಆಯ್ತು, ಸ್ವಲ್ಪ ತೆಗಿ."

"ಗೋಡೆ ಮಟ್ಟಕ್ಕೆ ಬಂತಾ?" ಎಂದು ಅಪ್ಪ ಹೊರಗಿನಿಂದ ಕೇಳಿದ.

"ಇನ್ನೊಂದ್ಸಲ ಗೋಡೆ ಅಂದ್ರೆ ಇವತ್ತು ಊಟ ಇಲ್ಲ" ಎಂದಳು ಅಮ್ಮ.

ಗುಳ್ಳೆ ನಡುವೆ ಬಂದು ನಿಂತಿತು. ಅಮ್ಮ ಯೂನಿಫಾರ್ಮ್ ಶರ್ಟು ತೊಟ್ಟು ಕನ್ನಡಿಯ ಮುಂದೆ ತಿರುಗಿ ತಿರುಗಿ ನೋಡಿಕೊಂಡಳು. ಕೈ ಎತ್ತಿ ಇಲ್ಲದ ಕಂಬಿ ಹಿಡಿದಳು.  ಶರ್ಟು ಬಿಚ್ಚುವ ಆತುರ ತೋರಿಸಲಿಲ್ಲ.

ಸೋಮವಾರ ಬೆಳಿಗ್ಗೆ ಬಸ್ಸು ಎಂದಿನಂತೆ ಕಿಕ್ಕಿರಿದಿತ್ತು. ಹುಡುಗಿ ಕಿಟಕಿ ಪಕ್ಕದಲ್ಲಿ ಕೂತು, ಯಾರಾದರೂ ಅಮ್ಮನನ್ನು ದಿಟ್ಟಿಸುತ್ತಾರೋ ಎಂದು ಒಬ್ಬೊಬ್ಬರನ್ನೇ ನೋಡುತ್ತಿದ್ದಳು. ಬುಟ್ಟಿ ಹೊತ್ತ ಸೊಪ್ಪಿನಜ್ಜಿ ಹತ್ತಿದಳು. ಅವಳ ಗಂಟಲು ಮೊದಲೇ ದೊಡ್ಡದು.

"ಏನಮ್ಮ ಕಂಡಕ್ಟ್ರಮ್ಮ, ಇಷ್ಟು ದಿನ ಎಲ್ಲಿಗೆ ಹೋಗಿದ್ದೆ? ಕೂದಲು ಬೇರೆ ಗಂಡು ಹುಡುಗರ ಹಾಗೆ ಕತ್ತರಿಸಿಕೊಂಡಿದೀಯ."

ಟಿಕೆಟ್ ಮೆಷಿನ್ನಿನ ಮೇಲೆ ಅಮ್ಮನ ಬೆರಳು ನಿಂತಿತು.  ನೆಂಟರ ಮನೆಗೆ ಎಂದುಬಿಡಮ್ಮ, ಎಂದು ಹುಡುಗಿ ಮನಸ್ಸಿನಲ್ಲೇ ಬೇಡಿಕೊಂಡಳು. ಅಮ್ಮ ಒಮ್ಮೆ ಅವಳ ಕಡೆ ನೋಡಿದಳು.

"ಎದೆ ಕ್ಯಾನ್ಸರ್ ಆಗಿತ್ತು ಅಜ್ಜಿ. ಸರಕಾರಿ ಆಸ್ಪತ್ರೇಲಿ ಆಪರೇಷನ್ ಆಯ್ತು. ಈಗ ಡ್ಯೂಟಿಗೆ ಬಂದೆ. ಎಲ್ಲಿಗೆ ಕೊಡ್ಲಿ, ಮಾರ್ಕೆಟ್ಟಿಗಾ?"

 ಯಾರೋ ಕಿಟಕಿಯಾಚೆ ನೋಡಿದರು. ಮುಂದಿನ ಸೀಟಿನಲ್ಲಿದ್ದ ಕ್ಲಾಸ್‌ಮೇಟ್ ತಿರುಗಿ ನೋಡಿದಳು. ಹುಡುಗಿಯ ಕೆನ್ನೆ ಬಿಸಿಯಾಯಿತು. ನನಗೇ ಅಷ್ಟು ದಿನ ಹೇಳದೆ, ಈಗ ಇಡೀ ಬಸ್ಸಿಗೆ ಹೇಳಬೇಕಾ ಎಂದು ಅವಳಿಗೆ ಅಮ್ಮನ ಮೇಲೆ ಕೋಪವೇ ಬಂತು.

ಮಾರ್ಕೆಟ್ಟಿನಲ್ಲಿ ಜನ ದಡದಡ ಇಳಿದರು. ದಿನಾ ಅಲ್ಲೇ ಇಳಿಯುವ, ಹೋಟೆಲಿನ ಏಪ್ರನ್ ತೊಟ್ಟ ಹೆಂಗಸೊಬ್ಬಳು ಮಾತ್ರ ಇಳಿಯಲಿಲ್ಲ.

"ಮಾರ್ಕೆಟ್ ಬಂತಲ್ಲಮ್ಮ" ಎಂದಳು ಅಮ್ಮ.

ಆ ಹೆಂಗಸು ಹತ್ತಿರ ಬಂದು ದನಿ ತಗ್ಗಿಸಿದಳು. "ಆ ಆಸ್ಪತ್ರೆಗೆ ಯಾವ ಬಸ್ಸು ಹೋಗುತ್ತೆ? ತುಂಬಾ ದುಡ್ಡು ಕೇಳ್ತಾರಾ?"

ಅವಳ ಒಂದು ಕೈ ಏಪ್ರನ್ನಿನ ಮೇಲೆ, ಎದೆಯ ಪಕ್ಕ, ಒಂದೇ ಜಾಗವನ್ನು ಒತ್ತಿ ಹಿಡಿದಿತ್ತು. ಹುಡುಗಿ ಆ ಕೈಯನ್ನು ನೋಡಿದಳು. ಆಮೇಲೆ ಸ್ಕೂಲ್ ಬ್ಯಾಗನ್ನು ಮಡಿಲಿಗೆ ಎಳೆದುಕೊಂಡು "ಇಲ್ಲಿ ಕೂತ್ಕೊಳ್ಳಿ ಆಂಟಿ" ಎಂದಳು.

"ಪರೀಕ್ಷೆ ಮಾಡೋಕೆ ಏನೂ ತಗೊಳ್ಳಲ್ಲ. ಔಷಧೀನೂ ಅಲ್ಲೇ ಕೊಡ್ತಾರೆ" ಎನ್ನುತ್ತ ಅಮ್ಮ ಕಂಬಿಗೆ ಒರಗಿ ನಿಂತಳು. "ಕೊನೇ ಸ್ಟಾಪಲ್ಲಿ ಬಸ್ಸು ಬದಲಾಯಿಸ್ಬೇಕು. ನಾನೇ ಹತ್ತಿಸ್ತೀನಿ, ಹೆದರ್ಬೇಡಿ."

ಸ್ಕೂಲಿನ ಸ್ಟಾಪಿನಲ್ಲಿ ಹುಡುಗಿ ಇಳಿದಳು. ಕ್ಲಾಸ್‌ಮೇಟ್ ಓಡಿ ಬಂದು ಅವಳ ಕಿವಿಯಲ್ಲಿ ಕೇಳಿದಳು.

"ನಿಮ್ಮಮ್ಮಂಗೆ ನಿಜವಾಗ್ಲೂ ಕ್ಯಾನ್ಸರ್ ಆಗಿತ್ತಾ?"

"ಹೂಂ. ಎದೇಲಿ. ಆಪರೇಷನ್ ಆಯ್ತು, ಈಗ ಕೆಲಸಕ್ಕೆ ಬಂದಿದಾಳೆ."

ಗೇಟಿನ ಹತ್ತಿರ ಮಕ್ಕಳನ್ನು ಬಿಡಲು ಬಂದ ಅಮ್ಮಂದಿರು ನಿಂತಿದ್ದರು. ಅವರಿಗೂ ಕೇಳಲಿ ಎಂದು ಹುಡುಗಿ ಸ್ವಲ್ಪ ಗಟ್ಟಿಯಾಗಿಯೇ ಹೇಳಿದಳು.