ಗಂಟೆಗೆ ಇಟ್ಟ ಹೆಸರು

"ಗಂಟೆ ಕರಗಿಸೋದಾದ್ರೆ ಕರಗಿಸಿ ಅಳಿಯಂದ್ರೆ. ಹೆಸರು ಮಾತ್ರ ಮುಟ್ಟಬೇಡಿ."

ರೊಸಾರಿಯೊ ಮಾತೆಯ ಇಗರ್ಜಿಯ ಹಿತ್ತಲಲ್ಲಿ ಕುಲುಮೆ ಆಗಲೇ ಭೋರ್ಗರೆಯುತ್ತಿತ್ತು. ಮುದುಕಿ ತೊರ್ಕ್ವಾತಾ ಕೋಲೂರಿಕೊಂಡು ಬಂದು ಆ ಝಳದ ಎದುರಿಗೇ ನಿಂತು ಈ ಮಾತು ಹೇಳಿದಾಗ ನೆರೆದವರೆಲ್ಲ ಎರಡು ಹೆಜ್ಜೆ ಹಿಂದೆ ಸರಿದರು. ಅವಳು ಮಕ್ಕಳಿಗೆ ದೃಷ್ಟಿ ತೆಗೆಯುವವಳು, ಸರ್ಪಸುತ್ತಿಗೆ ಮಂತ್ರ ಹಾಕುವವಳು. ತೆಗೆಯಬಲ್ಲವಳು ಮಾಟ ಮಾಡಲೂ ಬಲ್ಲಳು ಎಂಬುದು ಊರಿಗೆಲ್ಲ ಗೊತ್ತು. ಗೊತ್ತಿಲ್ಲದವನು ಎವರಿಸ್ತೊ ಟವೋರಾ ಒಬ್ಬನೇ. ಸಾಂತೋಸ್ ಬಂದರಿನಲ್ಲಿ ಕಾಫಿ ವ್ಯಾಪಾರ ಮಾಡಿ ಚೆನ್ನಾಗಿಯೇ ಕೂಡಿಹಾಕಿ, ತಲೆ ನೆರೆತ ಮೇಲೆ ಹೆಂಡತಿ ಜೆನೊವೇವಾಳ ಊರಿಗೆ ಬಂದು ನೆಲೆಸಿದವನು. ಹಾಗಾಗಿ ಊರಿಗೆಲ್ಲ ಅಳಿಯ. ಚಿನ್ನದ ಗಣಿ ಬರಿದಾದ ಮೇಲೆ ಈ ಬೆಟ್ಟದವರಿಗೆ ಸಂತರು, ದೆವ್ವ, ಮಾಟ ಬಿಟ್ಟರೆ ಬೇರೆ ಬೆಳೆಯಿಲ್ಲ ಎಂದು ಅವನು ಮಾವನ ಮನೆಯ ಜಗಲಿಯಲ್ಲೇ ಕೂತು ಹೇಳುತ್ತಿದ್ದ.

ಬಿರುಕು ಬಿಟ್ಟು ಈಗ ಕುಲುಮೆಯಲ್ಲಿ ಕರಗುತ್ತಿದ್ದ ಹಳೆಯ ಗಂಟೆಯ ಹೆಸರು ಬೆರ್ನಾರ್ದಾ. ಆ ಸೀಮೆಯಲ್ಲಿ ಗಂಟೆಗೂ ಜ್ಞಾನಸ್ನಾನ ಮಾಡಿಸಿ ಹೆಸರಿಡುತ್ತಾರೆ. ಬೆರ್ನಾರ್ದಾ ಎಂಬವಳು ಗುಲಾಮಗಿರಿಯ ಕಾಲದ ಹೆಂಗಸು. ದಿನವೂ ಗಣಿಯಿಂದ ತಲೆಗೂದಲಲ್ಲಿ ಚಿನ್ನದ ಪುಡಿ ಬಚ್ಚಿಟ್ಟು ತಂದು, ಇಗರ್ಜಿಯ ತೊಟ್ಟಿಯಲ್ಲಿ ತಲೆ ತೊಳೆದು ತೊಳೆದು ಅಷ್ಟಿಷ್ಟು ಕೂಡಿಸಿದ್ದಳು. ಅದರಲ್ಲಿ ತನ್ನ ಬಿಡುಗಡೆಯನ್ನೇ ಕೊಳ್ಳಬಹುದಿತ್ತು. ಮಕ್ಕಳಿಲ್ಲದ ಆಕೆ ಕೊಳ್ಳಲಿಲ್ಲ, ಗಂಟೆ ಹೊಯ್ಯಿಸಿದಳು. ಗುಲಾಮಳಾಗಿಯೇ ಸತ್ತಳು. ಬಿರುಕು ಬಿಟ್ಟ ಗಂಟೆಯನ್ನು ಮತ್ತೆ ಎರಕ ಹೊಯ್ಯಬಹುದು, ಹೊಸದಕ್ಕೆ ಹಳೆಯ ಹೆಸರನ್ನೇ ಇಡಬೇಕು ಎಂಬುದು ಊರಿನ ಕಟ್ಟಳೆ. ಎವರಿಸ್ತೊ ಮಾತ್ರ ತನ್ನ ಹೆಸರೇ ಆಗಬೇಕೆಂದು ಹಟ ಹಿಡಿದ. ಖರ್ಚೆಲ್ಲ ಅವನದು, ಇಗರ್ಜಿಯ ಸೋರುವ ಮಾಡು ಹೊದಿಸಿಕೊಟ್ಟವನೂ ಅವನೇ. ಇಗರ್ಜಿ ನೋಡಿಕೊಳ್ಳುವ ಸಂಘದ ಹಿರಿಯ ಅನಾಕ್ಲೇತೊ ಬೇಡ ಎನ್ನಲಾರದೆ ಅಡ್ಡಡ್ಡ ತಲೆಯಾಡಿಸುತ್ತಲೇ ಹೂಂ ಅಂದಿದ್ದ.

ಹಾಗೆಂದು ಎವರಿಸ್ತೊನನ್ನು ಬರೀ ಜಂಬದವನೆಂದು ತಳ್ಳಿಹಾಕುವುದೂ ನ್ಯಾಯವಲ್ಲ. ಅವನು ಚಿಕ್ಕವನಿದ್ದಾಗ ಸಾಂತೋಸಿನಲ್ಲಿ ಹಳದಿ ಜ್ವರ ಬಂದು, ಅವನ ಅಪ್ಪನನ್ನು ಗಾಡಿಗೆ ಹೇರಿಕೊಂಡು ಹೋಗಿ ಸುಣ್ಣದ ಗುಂಡಿಗೆ ಎಸೆದಿದ್ದರು. ಶಿಲುಬೆಯಿಲ್ಲ, ಕಲ್ಲಿಲ್ಲ. ಆಮೇಲೆ ಆ ಗುಂಡಿಯ ಮೇಲೆ ಯಾರೋ ಉಗ್ರಾಣ ಕಟ್ಟಿದರು. ಅಂಥವನೊಬ್ಬ ಬದುಕಿದ್ದ ಎಂದು ಹೇಳಲು ಉಳಿದವನು ಇವನೊಬ್ಬ. ಇವನು ಬದುಕಿದ್ದ ಎಂದು ಹೇಳಲು ಮಕ್ಕಳಿಲ್ಲ. ಸತ್ತ ಮರುದಿನ ತನ್ನ ಹೆಸರೂ ಸುಣ್ಣದಲ್ಲಿ ಬೇಯುತ್ತದೆ ಎಂಬ ಭಯ ಅವನ ಹೊಟ್ಟೆಯಲ್ಲಿ ಹುಣ್ಣಾಗಿ ಕೂತಿತ್ತು. ಗಂಟೆಯಾದರೆ ನೂರಾರು ವರ್ಷ ಬಾಳುತ್ತದೆ. ಮದುವೆಗೆ, ಮಸಣಕ್ಕೆ, ಹಬ್ಬಕ್ಕೆ, ಊರಿನ ಬಾಯಲ್ಲಿ ಎವರಿಸ್ತೊ, ಎವರಿಸ್ತೊ. ಆ ಆಸೆಗೆ ಅವನು ಮಗುವಿನ ಹಾಗೆ ಜೋತುಬಿದ್ದಿದ್ದ.

"ಬೆರ್ನಾರ್ದಾಳ ಮೂಳೆಯೂ ಉಳಿದಿಲ್ಲ ಅಜ್ಜಿ. ಹೆಸರು ಇಟ್ಕೊಂಡು ಏನು ಮಾಡ್ತಾಳೆ?"

"ಉಳಿದಿರೋದು ಅದೊಂದೇ," ಅಂದಳು ತೊರ್ಕ್ವಾತಾ.

ಅಷ್ಟು ಹೇಳಿ ತಲೆಗೆ ಸುತ್ತಿದ್ದ ಬಟ್ಟೆ ಬಿಚ್ಚಿದಳು. ಒಳಗೆ ಬುಡಕ್ಕೆ ಕತ್ತರಿಸಿದ ಬಿಳಿಯ ಜಡೆಯೊಂದು ಸುರುಳಿ ಸುತ್ತಿಕೊಂಡಿತ್ತು. ತನ್ನದೇ ಜಡೆ. ಅದಕ್ಕೆ ಏನೋ ಪಿಸುಗುಟ್ಟಿ, ಮೂರು ಸಲ ಉಗಿದು, ಕುದಿಯುವ ಲೋಹಕ್ಕೆ ಹಾಕಿದಳು. ಚುರ್ ಎಂದಿತು. ಹಸಿರು ಉರಿಯೊಂದು ಎದ್ದು ಬಿತ್ತು.

ಒಗ್ಗರಣೆಯಾಯಿತಲ್ಲ, ಉಪ್ಪನ್ನೂ ನೀವೇ ನೋಡಿ ಹಾಕಿಬಿಡಿ ಎಂದ ಎವರಿಸ್ತೊ. ಒಬ್ಬಿಬ್ಬರು ನಕ್ಕು, ನಕ್ಕಿದ್ದಕ್ಕೆ ಹೆದರಿ ಶಿಲುಬೆಯ ಗುರುತು ಹಾಕಿಕೊಂಡರು. ಸುಟ್ಟ ಕೂದಲಿನ ಕಮಟು ಹಿತ್ತಲು ತುಂಬ ಹರಡಿತು. ಸಂಜೆಯ ಗಾಳಿಗೆ ಎಲ್ಲರ ಮೂಗಿನಿಂದಲೂ ಹೋಯಿತು. ಎವರಿಸ್ತೊನ ಮೂಗಿನಿಂದ ಹೋಗಲಿಲ್ಲ. ಊಟದ ತಟ್ಟೆಯಲ್ಲಿ, ದಿಂಬಿನಲ್ಲಿ, ಜೆನೊವೇವಾ ಒಗೆದು ಒಣಗಿಸಿದ ಅಂಗಿಯಲ್ಲಿ, ಎಲ್ಲೆಲ್ಲೂ ಅದೇ. ಶೀತವಿರಬೇಕೆಂದು ನೀಲಗಿರಿ ಎಲೆಯ ಹಬೆ ಹಿಡಿದ.

ಅಚ್ಚು ಒಡೆದಾಗ ಗಂಟೆ ಚೆನ್ನಾಗಿಯೇ ಬಂದಿತ್ತು. ಗೇಣುದ್ದದ ಅಕ್ಷರಗಳಲ್ಲಿ ಅವನ ಹೆಸರು ಎದ್ದು ನಿಂತಿತ್ತು. ಎವರಿಸ್ತೊ ಅದರ ಮೇಲೆ ಬೆರಳಾಡಿಸಿದ, ಕಣ್ಣು ತುಂಬಿತು. ಪಾದ್ರಿಗಳು ನೀರು ಚಿಮುಕಿಸಿ ಹೆಸರಿಟ್ಟರು, ಎತ್ತುಗಳಿಂದ ಹಗ್ಗ ಎಳೆಸಿ ಗೋಪುರಕ್ಕೆ ಏರಿಸಿದರು.

ರೊಸಾರಿಯೊ ಹಬ್ಬದ ಬೆಳಿಗ್ಗೆ ಮೊದಲ ನಾದ. ಆ ಊರಲ್ಲಿ ಗಂಟೆಯನ್ನು ಹಗ್ಗ ಎಳೆದು ಬಾರಿಸುವುದಲ್ಲ, ಪಕ್ಕದಲ್ಲೇ ನಿಂತು ಕೈಯಿಂದ ನೂಕಿ ಇಡೀ ಗಂಟೆಯನ್ನೇ ತಲೆಕೆಳಗಾಗಿ ತಿರುಗಿಸುತ್ತಾರೆ. ಕೈಚಳಕದ ಕೆಲಸ. ಕ್ವಿರೀನೊ ಅದರಲ್ಲಿ ಎತ್ತಿದ ಕೈ. ಆ ದಿನ ಮಾತ್ರ ಗೋಪುರದಿಂದ ಇಳಿದು ಬಂದು, ಟೊಪ್ಪಿ ಕೈಯಲ್ಲಿ ಹಿಡಿದು ನಿಂತ.

"ಅದು ಇನ್ನೂ ಬೆಚ್ಚಗಿದೆ ಧಣಿ. ಕಿವಿ ಇಟ್ರೆ ಒಳಗೆ ಯಾರೋ ತಲೆ ಬಾಚಿಕೊಳ್ತಿರೋ ಸದ್ದು."

ಬಿಸಿಲಿಗೆ ಕಾದಿದೆ, ಬಾವಲಿ ಹೊಕ್ಕಿದೆ ಎಂದು ಎವರಿಸ್ತೊ ಅವನ ಬೆನ್ನು ತಟ್ಟಿದ. ಹೊಳೆಯಾಚೆಯವರಿಗೂ ಕೇಳಬೇಕು, ಸಾಕು ಅಂತ ತಾನು ಕೈ ಎತ್ತುವ ತನಕ ನಿಲ್ಲಿಸಕೂಡದು ಎಂದು ಹೇಳಿ ಕಳಿಸಿದ.

ಗಂಟೆ ಬಾಯಿಬಿಟ್ಟಿತು. ಅಂಗಳದಲ್ಲಿ ನೆರೆದವರು ಮುಖ ಮುಖ ನೋಡಿಕೊಂಡರು. ಅದು ಕಂಚಿನ ದನಿಯಾಗಿರಲಿಲ್ಲ. ಬಟ್ಟೆ ಒಗೆಯುತ್ತ ಗುನುಗುವ ಹೆಂಗಸಿನ ದನಿಯಾಗಿತ್ತು. ಜೆನೊವೇವಾ ಗಂಡನ ತೋಳು ಹಿಡಿದು, "ಸಾಕು ಎವರಿಸ್ತೊ, ಕೈ ಎತ್ತು," ಅಂದಳು. ಅವನು ಎತ್ತಲಿಲ್ಲ. ಇನ್ನೂ ಸ್ವಲ್ಪ, ಇನ್ನೂ ಸ್ವಲ್ಪ. ಗಂಟೆಯ ಸುತ್ತು ಜೋರಾಯಿತು. ಮತ್ತೂ ಜೋರಾಯಿತು. ಆಮೇಲೆ ಒಂದು ಪೆಟ್ಟು ಮೊಂಡಾಗಿ ಬಿತ್ತು, ತೆಂಗಿನಕಾಯಿಯನ್ನು ಚೀಲದೊಳಗಿಟ್ಟು ಒಡೆದ ಹಾಗೆ. ನೂಕುವವನಿಲ್ಲದೆಯೂ ಗಂಟೆ ತಿರುಗುತ್ತಲೇ ಇತ್ತು. ಗೋಪುರದ ಸುಣ್ಣದ ಗೋಡೆಯ ಮೇಲೆ ಕೆಂಪು ಗೆರೆಯೊಂದು ನಿಧಾನವಾಗಿ ಇಳಿಯಿತು.

ಕ್ವಿರೀನೊನನ್ನು ಮಣ್ಣು ಮಾಡಿ ಬಂದ ಮೇಲೆ ಸಂಘ ಸೇರಿತು. ಕೊಂದ ಗಂಟೆಗೆ ಅಲ್ಲಿ ವಿಚಾರಣೆ ಉಂಟು, ಶಿಕ್ಷೆ ಉಂಟು. ನಾಲಿಗೆ ಕಿತ್ತು, ಸರಪಳಿಯಿಂದ ಬಿಗಿದು, ಉಳಿಯಿಂದ ಹೆಸರು ಕೆತ್ತಿ ತೆಗೆಯುತ್ತಾರೆ. ಆ ಹೆಸರನ್ನು ಆಮೇಲೆ ಯಾರೂ ಬಾಯಿಂದ ಆಡುವಂತಿಲ್ಲ. ಎವರಿಸ್ತೊ ಅಂಗಲಾಚಿದ. ನಾಲಿಗೆ ಕೀಳಿ, ಬೇಕಾದರೆ ಗಂಟೆಯನ್ನೇ ಹೊಳೆಗೆ ಎಸೆಯಿರಿ, ಹೆಸರೊಂದನ್ನು ಬಿಡಿ ಅಂದ. ಅನಾಕ್ಲೇತೊ ಅವನ ಮುಖ ನೋಡಲಿಲ್ಲ.

"ಹೆಸರು ಇರೋ ತನಕ ಅದು ಇನ್ನೊಬ್ಬನ್ನ ಕೇಳ್ತದೆ ಅಳಿಯಂದ್ರೆ. ನಮ್ಮ ಕೈಲಿ ಏನೂ ಇಲ್ಲ."

ಆಗ ಎವರಿಸ್ತೊ ತೊರ್ಕ್ವಾತಾಳ ಗುಡಿಸಲಿಗೆ ಹೋದ. ಒಲೆಯ ಹೊಗೆ, ಒಣಗಿದ ಸೊಪ್ಪುಗಳ ಕಹಿ ವಾಸನೆ, ಅವೆರಡರ ಮೇಲೂ ಸುಟ್ಟ ಕೂದಲು. ಬೋಳುತಲೆಯ ಮುದುಕಿ ಕತ್ತಲೆಯಲ್ಲಿ ಮುಸುಕಿನ ಜೋಳ ಬಿಡಿಸುತ್ತ ಕೂತಿದ್ದಳು. ಮಾಡಿದ್ದನ್ನು ತೆಗೆ ಎಂದು ಅವನು ಅವಳ ಕಾಲ ಹತ್ತಿರ ಕೂತ. ನಂಬುವುದಿಲ್ಲ ಎಂದು ಹೇಳಿಕೊಳ್ಳುವ ಸೊಕ್ಕೂ ಆಗ ಉಳಿದಿರಲಿಲ್ಲ.

"ಒಂದು ದಾರಿ ಇದೆ," ಅಂದಳು ಅವಳು. "ನಿಮ್ಮ ಹೆಸರನ್ನ ನೀವೇ ಕೆತ್ತಿ ತೆಗೀರಿ. ಆ ಜಾಗದಲ್ಲಿ ಅವಳದ್ದನ್ನ ನಿಮ್ಮ ಕೈಯಾರೆ ಕೊರೀರಿ. ಹಾಗೆ ಮಾಡಿದ್ರೆ ನಿಮ್ಮ ಹೆಸರು ಕಂಚಿನಿಂದ ಹೋಗ್ತದೆ, ಅಷ್ಟೇ. ಬೇರೆಯವರ ಉಳಿ ಬಿದ್ರೆ ಬೇರುಸಹಿತ ಹೋಗ್ತದೆ."

ಎವರಿಸ್ತೊ ಎದ್ದ. ದಾರಿಯುದ್ದಕ್ಕೂ ಯೋಚಿಸಿದ. ಮನೆಗೆ ಬಂದು ಉಳಿಯನ್ನೂ ಸುತ್ತಿಗೆಯನ್ನೂ ಮೇಜಿನ ಮೇಲಿಟ್ಟುಕೊಂಡು ಕೂತ. ಜೆನೊವೇವಾ ಪಕ್ಕದಲ್ಲಿ ಬಂದು ಕೂತಳು. "ಹೋಗೋಣ, ನಾನೂ ಬರ್ತೀನಿ. ನಿನ್ನ ಹೆಸರು ಹೇಳೋಕೆ ನಾನಿಲ್ವಾ?" ಅಂದಳು. ಅವನು ಅವಳ ನರೆಗೂದಲನ್ನು ನೋಡಿದ. ಅವಳೂ ಇನ್ನೆಷ್ಟು ದಿನ? ಅವಳು ಹೋದ ಮೇಲೆ? ಗೇಣುದ್ದದ ಆ ಅಕ್ಷರಗಳು ಕಣ್ಣ ಮುಂದೆ ಹೊಳೆದವು. ಯಾವಳೋ ಗುಲಾಮಳ ಹೆಸರನ್ನು ತಾನೇ ಕೂತು ಕೊರೆಯಬೇಕೇ? ಅವನು ಉಳಿಯನ್ನು ಎತ್ತಿ ಗೂಡಿನಲ್ಲಿಟ್ಟ. ಬಿಷಪ್ಪರಿಗೆ ದೂರು ಕೊಡುತ್ತೇನೆ, ನೋಡೋಣ ಎಂದ. ವಿನಾಶಕಾಲಕ್ಕೆ ಬುದ್ಧಿ ಹೀಗೇ ತಿರುಗುತ್ತದೆ.

ಮರುದಿನ ಮಧ್ಯಾಹ್ನ ಗೋಪುರದಿಂದ ಮೊದಲ ಉಳಿಯ ಪೆಟ್ಟು ಕೇಳಿತು.

ಟಣ್.

ಎವರಿಸ್ತೊ ಬಾಗಿಲಲ್ಲಿ ನಿಂತಿದ್ದ. ಬಾಗಿಲಿನ ಹಿತ್ತಾಳೆ ಫಲಕದಲ್ಲಿ ಅವನ ಹೆಸರಿರಬೇಕಿತ್ತು. ಫಲಕ ಕನ್ನಡಿಯಂತೆ ನುಣುಪಾಗಿತ್ತು. ಯಾರೂ ಏನೂ ಬರೆದೇ ಇರಲಿಲ್ಲವೆಂಬಂತೆ. ಬೆರಳಿನ ಮದುವೆಯುಂಗುರ ಕಿತ್ತು ಒಳಮೈ ನೋಡಿದ. ಜೆನೊವೇವಾ ಎಂದಿತ್ತು. ಪಕ್ಕದಲ್ಲಿ ಖಾಲಿ.

ಟಣ್.

ಅವನು ಓಡಿದ. ಇಳಿಜಾರಿನ ಕಲ್ಲುಬೀದಿ, ವಯಸ್ಸಾದ ಮಂಡಿ. ದಿನವೂ ಹೆಸರು ಹಿಡಿದು ಕೂಗಿ ನಮಸ್ಕಾರ ಹೇಳುತ್ತಿದ್ದ ಕ್ಷೌರಿಕ ತಲೆಯೆತ್ತಿ ನೋಡಿ ತಲೆ ತಗ್ಗಿಸಿದ. ರೊಟ್ಟಿ ಅಂಗಡಿಯವಳು ಅಪರಿಚಿತನಿಗೆ ದಾರಿ ಬಿಡುವ ಹಾಗೆ ಪಕ್ಕಕ್ಕೆ ಸರಿದಳು. ಇಗರ್ಜಿಯ ಮೆಟ್ಟಿಲಲ್ಲಿ ಅನಾಕ್ಲೇತೊ ನಿಂತಿದ್ದ. "ನಿಲ್ಲಿಸಿ!" ಎಂದ ಎವರಿಸ್ತೊ. ಅನಾಕ್ಲೇತೊ ಕಣ್ಣು ಕಿರಿದು ಮಾಡಿ, ಈ ಮುದುಕ ಎಲ್ಲಿಯವನು ಎಂದು ಪಕ್ಕದವನನ್ನು ಕೇಳಿದ.

ಟಣ್. ಟಣ್.

ಗೋಪುರದ ಮೆಟ್ಟಿಲು. ಕತ್ತಲೆ. ಬಾವಲಿ ಹಿಕ್ಕೆಯ ನಾತ. ಸುಟ್ಟ ಕೂದಲಿನ ನಾತ. ಅವನು ಗೋಡೆ ತಡವುತ್ತ ಏರಿದ. ಗೋಡೆ ಒದ್ದೆಯಾಗಿತ್ತು. ಗೋಡೆಯ ಮೇಲೆ ಕೂದಲಿತ್ತು. ಉದ್ದ ಕೂದಲು, ಒದ್ದೆ ಕೂದಲು. ಬೆರಳಿಗೆ ತೊಡರಿತು. ಮುಖಕ್ಕೆ ಅಂಟಿತು. ಬಾಯಿಗೆ ಬಂತು. ಉಗಿದ. ಇನ್ನೂ ಬಂತು. ಎಲ್ಲೋ ತೀರ ಹತ್ತಿರ ಯಾರೋ ಗುನುಗುತ್ತಿದ್ದರು. ನೀರು ಸುರಿಯುವ ಸದ್ದು. ತಲೆ ತೊಳೆಯುವ ಸದ್ದು. ಅವನು ಏರಿದ. ಬಿದ್ದ. ಏರಿದ.

ಮೇಲೆ ಬೆಳಕು. ಕಲ್ಲುಕುಟಿಗ ಬೆನ್ನು ಹಾಕಿ ಕೂತಿದ್ದ.

"ನಿಲ್ಲಿಸಪ್ಪ. ಅದು ನನ್ನ ಹೆಸರು."

ಕಲ್ಲುಕುಟಿಗ ತಿರುಗಿ ನೋಡಿದ. ಕೆಟ್ಟವನಲ್ಲ, ಕೈ ತಡೆದ.

"ಯಾವ ಹೆಸರು ಅಜ್ಜ?"

ಎವರಿಸ್ತೊ ಬಾಯಿ ತೆರೆದ. ನಾಲಿಗೆ ಹೊರಳಿತು. ಅಪ್ಪ ಕರೆದದ್ದು. ಅಮ್ಮ ಕರೆದದ್ದು. ನಿನ್ನೆ ಜೆನೊವೇವಾ ಕರೆದದ್ದು. ಅದು. ಅದೇ. ಗಂಟಲಲ್ಲಿ ಕೂದಲು ಕಟ್ಟಿಕೊಂಡಿತ್ತು. ಅದರ ಹಿಂದೆ ಏನೂ ಇರಲಿಲ್ಲ.

ಕಲ್ಲುಕುಟಿಗ ಪಾಪ ಎಂದುಕೊಂಡು ತಿರುಗಿ, ಕೊನೆಯ ಪೆಟ್ಟು ಹಾಕಿದ.

ಗಂಟೆ ಸುಮ್ಮನಾಯಿತು. ಅವನ ಮೂಗಿನಲ್ಲಿದ್ದ ಕಮಟು ಅದೇ ಕ್ಷಣ ಮಾಯವಾಯಿತು. ಬೆಟ್ಟದ ತಣ್ಣನೆಯ ಗಾಳಿ ಎಷ್ಟೋ ದಿನಗಳ ಮೇಲೆ ಒಳಗೆ ಹೊಕ್ಕಿತು. ಜೀವ ಉಳಿದಿತ್ತು.

ಅವನು ಮನೆಗೆ ಹೋದ. ದಾರಿ ಕಾಲಿಗೆ ನೆನಪಿತ್ತು. ಬಾಗಿಲು ತಟ್ಟಿದ. ಜೆನೊವೇವಾ ಕೈ ಒರೆಸಿಕೊಳ್ಳುತ್ತ ಬಂದು ತೆರೆದಳು. ಅವಳನ್ನು ಕಂಡದ್ದೇ ಅವನಿಗೆ ಅಳು ಬಂತು.

"ಯಾರು ಬೇಕಾಗಿತ್ತು ನಿಮಗೆ?" ಅಂದಳು.

ಅವನು ನಿಂತೇ ಇದ್ದ. ಇಳಿವಯಸ್ಸಿನವನು, ಹಸಿದಿರಬೇಕೆಂದು ಅವಳು ಒಳಗೆ ಹೋಗಿ ಜೋಳದ ಮುದ್ದೆ, ಕಾಳು, ಹುರಿದ ಸೊಪ್ಪು ತಂದು ಜಗಲಿಯ ಮೇಲಿಟ್ಟಳು. ಅವನು ತಿಂದ. ಎರಡನೆಯ ಸಲ ಬಡಿಸುವಾಗ, ಇಷ್ಟು ದೊಡ್ಡ ಮನೆಯಲ್ಲಿ ಒಬ್ಬಳೇ, ಯಾರಾದರೂ ಬಂದರೆ ಒಳ್ಳೆಯದೇ ಎಂದು ಹೇಳಿಕೊಂಡಳು. ನಿಮ್ಮವರು ಯಾರೂ ಇಲ್ಲವೇ ಎಂದು ಅವನು ಕೇಳಿದ. ಮದುವೆ ಕೂಡಿ ಬರಲಿಲ್ಲ ಎಂದು ಅವಳು ನಕ್ಕಳು.

ಅಂದು ಸೋಮವಾರ. ಆ ಸೀಮೆಯಲ್ಲಿ ಸೋಮವಾರ ಸತ್ತವರ ದಿನ. ತಮ್ಮವರಿಗೆಲ್ಲ ಹೆಸರು ಹೇಳಿ ಮೇಣದಬತ್ತಿ ಹಚ್ಚಿದ ಮೇಲೆ ಕೊನೆಯದೊಂದನ್ನು, ನೆನೆಯಲು ಯಾರೂ ಇಲ್ಲದ ಅನಾಥ ಆತ್ಮಗಳಿಗೆಂದು, ಹೊಸ್ತಿಲ ಹೊರಗೆ ಹಚ್ಚಿಡುತ್ತಾರೆ. ಜೆನೊವೇವಾ ಅಪ್ಪನ ಹೆಸರು ಹೇಳಿದಳು, ಅಮ್ಮನ ಹೆಸರು ಹೇಳಿದಳು, ಕ್ವಿರೀನೊನ ಹೆಸರು ಹೇಳಿದಳು. ಆಮೇಲೆ ಬತ್ತಿಯ ತುಂಡೊಂದನ್ನು ಅಂಗೈ ಮರೆ ಮಾಡಿಕೊಂಡು ಹೊರಗೆ ತಂದು, ಮುದುಕನ ಪಕ್ಕದಲ್ಲೇ ಇಟ್ಟು, ಯಾವ ಹೆಸರನ್ನೂ ಹೇಳದೆ ಕೈ ಮುಗಿದಳು. ಗಾಳಿ ಬೀಸುತ್ತಿತ್ತು. ಬತ್ತಿ ಆರದಂತೆ ಅವನು ಎರಡೂ ಕೈ ಅಡ್ಡ ಹಿಡಿದು ಕೂತ.