ಮಂದವಾದ ರಕ್ತ

"ರಕ್ತ ತೀರಾ ಮಂದವಾಗಿದೆ, ಸರಿಯಾಗಿ ತೆಗೆದು ಕಳಿಸಿ" ಎಂಬ ಚೀಟಿಯೊಂದಿಗೆ ಸ್ಯಾಂಪಲ್ ಎರಡನೇ ಸಲ ವಾಪಸ್ ಬಂದಾಗ ಬೆಕ್ಕುಗಳ ಡಾಕ್ಟರಿಗೆ ರೇಗಿಹೋಯಿತು. ಟ್ಯೂಬು ಹಿಡಿದುಕೊಂಡು ತಾನೇ ಲ್ಯಾಬಿಗೆ ಹೋದಳು.

ಅಲ್ಲಿನ ಪೆಥಾಲಜಿಸ್ಟ್ ಅವಳಿಗೆ ರಿಪೋರ್ಟಿನ ಕೆಳಗಿನ ಸಹಿಯಾಗಿ ಮಾತ್ರ ಗೊತ್ತಿದ್ದ. ವಯಸ್ಸಾದವನಿರಬೇಕು ಅಂದುಕೊಂಡಿದ್ದಳು. ಬಾಗಿಲು ತೆರೆದವನು ಅವಳದೇ ಓರಗೆಯವನು. ಬೈಯಲೆಂದು ಜೋಡಿಸಿಕೊಂಡು ಬಂದ ಮಾತು ಅರ್ಧ ಮರೆತೇಹೋಯಿತು. ಉಳಿದರ್ಧ ಹೇಳಿದಳು: ರಕ್ತ ತೆಗೆದದ್ದರಲ್ಲಿ ತಪ್ಪಿಲ್ಲ, ಬೆಕ್ಕಿನ ಮೈಯಿಂದಲೇ ಅದು ಹಾಗೆ ಬರುತ್ತಿದೆ. ಊಟ ಬಿಟ್ಟು ವಾರವಾಯಿತು, ನಿನ್ನೆಯಿಂದ ಕಣ್ಣೊಳಗೂ ರಕ್ತ ಸೋರುತ್ತಿದೆ.

ಅವನು ವಾದ ಮಾಡಲಿಲ್ಲ.

"ಹಾಗಾದ್ರೆ ತಪ್ಪು ನನ್ನದೇ, ಡಾಕ್ಟ್ರೇ. ರಕ್ತ ಹುಟ್ಟೋ ಜಾಗ, ಮೂಳೆಯೊಳಗಿನ ಮಜ್ಜೆ ನೋಡ್ಬೇಕು."

ಮಜ್ಜೆಯ ಸ್ಲೈಡ್ ಸಿದ್ಧವಾದ ದಿನ ಅವಳೂ ಹೋದಳು. ಹೋಗಲೇಬೇಕೆಂದೇನೂ ಇರಲಿಲ್ಲ. ಇಬ್ಬರು ಒಟ್ಟಿಗೆ ನೋಡುವ ಮೈಕ್ರೋಸ್ಕೋಪಿನ ಆಚೆ ಅವನು, ಈಚೆ ಅವಳು. ತಿಳಿಗುಲಾಬಿ ಬಯಲಿನ ತುಂಬ ಕಡುನೀಲಿ ಕಣಗಳು. ಪ್ರತಿಯೊಂದರ ನ್ಯೂಕ್ಲಿಯಸ್ಸೂ ಅಂಚಿಗೆ ಸರಿದು ಕೂತಿತ್ತು, ಅದಕ್ಕೆ ಒತ್ತಿಕೊಂಡಂತೆ ಪುಟ್ಟದೊಂದು ತಿಳಿಬೆಳಕು. ಎಲ್ಲೋ ಒಂದೆರಡು ಇರಬೇಕಾದವು ರಾಶಿ ರಾಶಿ ಇದ್ದವು.

"ಮೈಲೋಮಾ," ಅವನು ಮೆಲ್ಲಗೆ ಹೇಳಿದ. "ರಕ್ತಕಣದ ಕ್ಯಾನ್ಸರ್. ಈ ಕಣಗಳು ಸುರಿಸೋ ಪ್ರೋಟೀನಿಂದಲೇ ರಕ್ತ ಮಂದವಾಗಿರೋದು. ಬೆಕ್ಕುಗಳಲ್ಲಿ ತುಂಬಾ ಅಪರೂಪ. ನಾನು ಕಣ್ಣಾರೆ ನೋಡ್ತಿರೋದು ಇದೇ ಮೊದಲು."

"ಎಷ್ಟು ಚೆಂದ ಇದೆ," ಅಂದವಳಿಗೆ ತಕ್ಷಣ ನಾಚಿಕೆಯಾಯಿತು. "ಕೊಲ್ಲೋ ಕಾಯಿಲೆ ಇಷ್ಟು ಚೆಂದ ಇರಬಾರದು."

"ನಂಗೂ ಹಾಗೇ ಅನ್ನಿಸ್ತು. ಹೇಳೋ ಧೈರ್ಯ ಬರಲಿಲ್ಲ."

ತಲೆಯೆತ್ತಿದರೆ ಅವನು ಸ್ಲೈಡ್ ಬಿಟ್ಟು ಅವಳನ್ನೇ ನೋಡುತ್ತಿದ್ದ. ಸಿಕ್ಕಿಬಿದ್ದವನಂತೆ ಫೋಕಸ್ ತಿರುಗಿಸಿದ. ಅವಳು ಮತ್ತೆ ಬಗ್ಗಿದಾಗ ಅವಳ ಕಡೆಯ ಚಿತ್ರವೂ ಮಸುಕಾಗಿತ್ತು.

ಬೆಕ್ಕನ್ನು ಸಾಕಿದ್ದ ಟೀಚರಮ್ಮನಿಗೆ ಅವಳು ಏನನ್ನೂ ಮುಚ್ಚಿಡಲಿಲ್ಲ. ವಾಸಿಯಾಗುವ ಕಾಯಿಲೆಯಲ್ಲ, ಮಾತ್ರೆ ಹಿಡಿಸಿದರೆ ಕೆಲವು ತಿಂಗಳು, ಅದೃಷ್ಟವಿದ್ದರೆ ವರ್ಷ. ಟೀಚರಮ್ಮ ಬೆಕ್ಕಿನ ಕಿವಿ ಸವರುತ್ತ, ಸಿಕ್ಕಷ್ಟು ದಿನ ತನಗೆ ಬೇಕು ಎಂದರು.

ಅಂದಿನಿಂದ ವಾರವಾರವೂ ಟೆಸ್ಟ್. ಪ್ರತಿ ಸಲವೂ ರಕ್ತ ಒಯ್ದದ್ದು ಅವಳೇ. ಐದನೇ ವಾರ ಹನಿ ಹಳೆಯ ಮಂದವೆಲ್ಲ ಕಳೆದು ಗಾಜಿನ ಮೇಲೆ ಸರಾಗವಾಗಿ ಹರಡಿತು. ಇಬ್ಬರೂ ಬಗ್ಗಿ ಅದನ್ನೇ ನೋಡಿದರು. ಅಷ್ಟು ಪುಟ್ಟ ಜೀವ, ಸಾವಿನ ಕಡೆಯಿಂದ ಎಷ್ಟೊಂದು ದಾರಿ ಹಿಂದಕ್ಕೆ ನಡೆದು ಬಂದಿತ್ತು. ಅಂದು ಬೆಳಿಗ್ಗೆ ಬೆಕ್ಕು ತಟ್ಟೆ ನೆಕ್ಕಿ ಖಾಲಿ ಮಾಡಿತಂತೆ.

ರಿಪೋರ್ಟ್ ಬರೆಯುವಾಗ ಅವನ ಮುಖ ಮಾತ್ರ ಯಾಕೋ ಸಪ್ಪೆಯಾಯಿತು.

"ಇನ್ಮೇಲೆ ತಿಂಗಳಿಗೊಂದು ಟೆಸ್ಟ್ ಸಾಕು."

"ಬೆಕ್ಕಿಗೆ ಸಾಕು," ಅವಳೆಂದಳು. "ನಂಗೆ ಸಾಕಾಗಲ್ಲ."

ಅವನು ಪೆನ್ನು ಕೆಳಗಿಟ್ಟ. ಮೇಜು ಬಳಸಿ ಬಂದು ಅವಳ ಪಕ್ಕದ ಸ್ಟೂಲಿನಲ್ಲಿ ಕೂತ.